ಶ್ರೀಶೈಲದ ದಾರಿಯಲ್ಲಿ 20 ಕಿಲೋಮೀಟರ್ ನೆರಳಿಲ್ಲ: ಮುಜರಾಯಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಜರಾಯಿ ಸಚಿವರಿಗೆ,

ನಮಸ್ಕಾರ.

ನಾನು ರಾಯಚೂರು ಜಿಲ್ಲೆಯವಳು. 29 ವರ್ಷ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. 2024, 2025 ಮತ್ತು 2026ರ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು ತಂಗುವ ಒಂದು ಧರ್ಮಶಾಲೆಯಲ್ಲಿ ಸೇವೆಗೆ ನಿಂತಿದ್ದೆ. ಅಲ್ಲಿ ಕಂಡಿದ್ದನ್ನು ನಿಮಗೆ ಹೇಳಬೇಕು ಅನ್ನಿಸಿತು. ದುಡ್ಡು ಕೇಳುವುದಕ್ಕೆ ಬರೆಯುತ್ತಿಲ್ಲ. ಕೊನೆಗೆ ಸ್ವಲ್ಪ ಕೇಳುತ್ತೇನೆ, ಅದು ಬೇರೆ ಮಾತು.

ನಮ್ಮ ಕಡೆಯವರಿಗೆ ಈ ಯಾತ್ರೆಯ ಬಗ್ಗೆ ಹೇಳಬೇಕಾಗಿಲ್ಲ. ದಕ್ಷಿಣದ ಜಿಲ್ಲೆಗಳವರೂ ಓದಬಹುದು ಅಂತ ಒಂದೆರಡು ಮಾತು ಹೇಳುತ್ತೇನೆ. ಶಿವರಾತ್ರಿಗೆ ಶ್ರೀಶೈಲದಲ್ಲಿ ತೆಲುಗು ಜನ ತುಂಬಿರುತ್ತಾರೆ. ಯುಗಾದಿಗೆ ನಾವು. ಅಲ್ಲಿಯ ಮಲ್ಲಿಕಾರ್ಜುನನನ್ನು ನಾವು ಮಲ್ಲಯ್ಯ ಅನ್ನುತ್ತೇವೆ, ಅವನ ಹೆಂಡತಿ ಭ್ರಮರಾಂಬೆ ನಮ್ಮ ಮನೆಮಗಳು ಅಂತ ಲೆಕ್ಕ. ಮಗಳಿಗೆ ಹಬ್ಬಕ್ಕೆ ಸೀರೆ, ಕುಪ್ಪಸ, ಅರಿಶಿನ, ಕುಂಕುಮ ಕೊಡಬೇಕಲ್ಲ, ಅದನ್ನು ತೆಗೆದುಕೊಂಡು ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಜನ ಹೊರಡುತ್ತಾರೆ. ಮುಂದೆ ಊರಿನ ಕಂಬಿ (ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಅಲಂಕರಿಸಿದ ಕೋಲು), ಹಿಂದೆ ಜನ. ದೂರದ ಊರಿನವರು ಹತ್ತು ಹದಿನೈದು ದಿನ ನಡೆಯುತ್ತಾರೆ. ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಬಹಳ ಜನ ಲಿಂಗಸುಗೂರು, ರಾಯಚೂರು ದಾಟಿ ಕರ್ನೂಲಿನ ದಾರಿ ಹಿಡಿಯುತ್ತಾರೆ. ಆತ್ಮಕೂರು, ವೆಂಕಟಾಪುರ ಆದಮೇಲೆ ನಲ್ಲಮಲದ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳ, ಕೊನೆಗೆ ಕೈಲಾಸ ದ್ವಾರ. ಕಾಡಿನ ದಾರಿಯನ್ನು ಎಲ್ಲರೂ ಕಷ್ಟ ಅನ್ನುತ್ತಾರೆ. ಆದರೆ ಕಾಡಿನಲ್ಲಿ ಮರಗಳಾದರೂ ಇವೆ. ನಾನು ಬರೆಯುತ್ತಿರುವುದು ಅದಕ್ಕೂ ಮುಂಚಿನ ಬಯಲು ದಾರಿಯ ಬಗ್ಗೆ.

ನಾನು ಅಲ್ಲಿಗೆ ಹೋಗಿದ್ದು ಭಕ್ತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. 2022ರ ಕೊನೆಯಲ್ಲಿ ನಮ್ಮ ಮನೆಯವರು ತೀರಿಕೊಂಡರು. ಐದು ತಿಂಗಳಿಗೆ ನನ್ನ ನಿವೃತ್ತಿಯೂ ಬಂತು. ಮಗ ಪುಣೆಯಲ್ಲಿ. ನೈಟ್ ಡ್ಯೂಟಿಯ ಚಾಳಿ ಬಿಡಲಿಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿಬಿಡುತ್ತಿತ್ತು. ನೋಡಬೇಕಾದ ರೋಗಿ ಇಲ್ಲ, ಬರೆಯಬೇಕಾದ ಚಾರ್ಟ್ ಇಲ್ಲ. ಅಡುಗೆ ಮನೆಯ ಲೈಟ್ ಹಾಕಿಕೊಂಡು ಸುಮ್ನೆ ಕೂರುತ್ತಿದ್ದೆ. ಆ ಲೈಟ್ ನೋಡಿ ನೋಡಿ ಪಕ್ಕದ ಮನೆಯ ಅಕ್ಕ ಒಂದು ದಿನ ಕೇಳಿಯೇಬಿಟ್ಟರು: "ಒಬ್ಬಾಕಿನ ಕುಂತು ಏನ್ ಮಾಡ್ತಿ? ನಮ್ಮ ಧರ್ಮಶಾಲ್ಯಾಗ ರೊಟ್ಟಿ ಬಡಿಯಾಕ ಮಂದಿ ಕಡಿಮಿ ಅದಾರ, ಬಾ."

ಹೋದೆ. ಅದು ರಸ್ತೆ ಪಕ್ಕದ ಹಳೆಯ ಕಲ್ಲಿನ ಕಟ್ಟಡ. ಎರಡು ಕೋಣೆ, ಒಂದು ಪಡಸಾಲೆ, ಮುಂದೆ ಬೇವಿನ ಮರದ ಕಟ್ಟೆ. ವರ್ಷದ ಹನ್ನೊಂದು ತಿಂಗಳು ಅಲ್ಲಿ ಆಡು ಮಲಗಿರುತ್ತವೆ. ಯುಗಾದಿ ಹತ್ತಿರ ಬಂತೆಂದರೆ ಹಳ್ಳಿಯವರೇ ಸುಣ್ಣ ಬಳಿದು, ಶಾಮಿಯಾನ ಹಾಕಿ, ಒಲೆ ಹೂಡುತ್ತಾರೆ. ಜೋಳ, ಬೇಳೆ, ಶೇಂಗಾ ಎಲ್ಲ ಊರಿನ ಮನೆಗಳಿಂದಲೇ ಬರುತ್ತದೆ. ಒಂದು ರಾತ್ರಿಗೆ ನಾಲ್ಕೈದು ನೂರು ಜನ ಉಂಡು ಮಲಗುತ್ತಾರೆ.

ನನಗೆ ಎರಡು ರೊಟ್ಟಿ ಬಡಿದು ಗೊತ್ತು, ಇನ್ನೂರು ಗೊತ್ತಿಲ್ಲ. ಮೊದಲ ದಿನವೇ ನನ್ನ ರೊಟ್ಟಿಗಳು ಭಾರತದ ನಕಾಶೆ ಆದವು. ಅಡುಗೆಯ ಹಿರಿಯಳು, ಎಲ್ಲರೂ ದೊಡ್ಡವ್ವ ಅನ್ನುತ್ತಾರೆ, ನನ್ನನ್ನು ಮರುದಿನ ಉಳ್ಳಾಗಡ್ಡಿ ಹೆಚ್ಚುವುದಕ್ಕೆ ಇಳಿಸಿದಳು. ಮೂರನೇ ದಿನ ನನ್ನ ಚೀಲದಲ್ಲಿ ಬಿಪಿ ನೋಡುವ ಯಂತ್ರ ಇರುವುದು ಯಾರ ಕಣ್ಣಿಗೋ ಬಿತ್ತು. ಅಲ್ಲಿಗೆ ಉಳ್ಳಾಗಡ್ಡಿ ತಪ್ಪಿತು. ಕಾಲುಗಳು ಶುರುವಾದವು.

ಸಾಹೇಬ್ರೇ, ಹತ್ತು ದಿನ ನಡೆದ ಕಾಲನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ ಗೊತ್ತಿಲ್ಲ. ಹರಕೆ ಅಂತ ಬಹಳ ಜನ ಚಪ್ಪಲಿ ಹಾಕುವುದಿಲ್ಲ. ಕೆಲವರು ಕಾಲಿಗೆ ಗೋಣಿ ತಟ್ಟು ಸುತ್ತಿಕೊಂಡಿರುತ್ತಾರೆ. ಗಾಳಿಯ ಬಿಸಿ 40 ಡಿಗ್ರಿ ಇದ್ದರೆ ಡಾಂಬರಿನ ಬಿಸಿ 60ರ ಹತ್ತಿರ ಹೋಗುತ್ತದೆ. ಅಂಗಾಲು ಪೂರ್ತಿ ಒಂದೇ ಬೊಬ್ಬೆ ಆಗಿರುವುದನ್ನು ಅಷ್ಟು ವರ್ಷದ ಸರ್ವಿಸ್‌ನಲ್ಲಿ ನೋಡಿರಲಿಲ್ಲ, ಅಲ್ಲಿ ದಿನಾ ನೋಡಿದೆ. ಬೊಬ್ಬೆಯ ಮೇಲಿನ ಚರ್ಮ ಕಿತ್ತು ಹಾಕಬಾರದು. ಅದೇ ಒಳಗಿನ ಹಸಿ ಗಾಯಕ್ಕೆ ಹೊದಿಕೆ. ಸ್ವಚ್ಛ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಟ್ಟು, ಚರ್ಮವನ್ನು ಹಾಗೇ ಕೂರಿಸಿ ಬಟ್ಟೆ ಕಟ್ಟಬೇಕು. ಇಷ್ಟು ಗೊತ್ತಿಲ್ಲದೆ ಬ್ಲೇಡಿನಿಂದ ಕತ್ತರಿಸಿಕೊಂಡು ಬಂದವರನ್ನು ಲೆಕ್ಕ ಇಟ್ಟಿಲ್ಲ. "ಯಕ್ಕಾ, ಮುಟ್ಟಬ್ಯಾಡ್ರಿ, ಹೊಲಸ ಆಗ್ಯಾವ" ಅಂತ ಕಾಲು ಹಿಂದೆ ಎಳೆದುಕೊಳ್ಳುವವರೇ ಜಾಸ್ತಿ.

ಅತ್ತವರ ಬಗ್ಗೆ ನನಗೆ ಚಿಂತೆ ಆಗಲಿಲ್ಲ. ಅಳದೇ ಇದ್ದ ಒಬ್ಬರು ನನ್ನನ್ನು ಹೆದರಿಸಿದರು. ಐವತ್ತೈದು ದಾಟಿದ ರೈತರು. ನಗುನಗುತ್ತಾ ಮಂಡಾಳ ಒಗ್ಗರಣೆ ತಿನ್ನುತ್ತಿದ್ದರು. ನೆಲದ ಮೇಲೆ ಅವರ ಹೆಜ್ಜೆಯಲ್ಲಿ ರಕ್ತ ಇತ್ತು. ಅವರಿಗೆ ಗೊತ್ತೇ ಇರಲಿಲ್ಲ. ಅಂಗಾಲು ಸುಟ್ಟು ಬಾಯಿ ಬಿಟ್ಟಿದೆ, ನೋವಿಲ್ಲ. ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದೆ. "ಐತ್ರಿ. ಗುಳಿಗಿ ಮನ್ಯಾಗ ಬಿಟ್ಟು ಬಂದೀನಿ. ಹದಿನೈದು ದಿನ ಮಲ್ಲಯ್ಯನ ನೋಡ್ಕೋತಾನ." ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳಿಗೆ ಬಿಸಿ, ನೋವು ತಿಳಿಯುವುದಿಲ್ಲ. ಅಂಥವರು ಬರಿಗಾಲಲ್ಲಿ ಡಾಂಬರಿನ ಮೇಲೆ ನಡೆದರೆ ಕಾಲು ಹೋಗುವ ತನಕ ಸುದ್ದಿ ಬರುವುದಿಲ್ಲ. ಅವರನ್ನು ಮುಂದೆ ಕಳಿಸಬಾರದು ಅಂತ ಅರ್ಧ ಗಂಟೆ ಜಗಳ ಆಡಿದೆ. ಮಲ್ಲಯ್ಯನಿಗೂ ನಮಗೂ ನಡುವೆ ನೀನು ಯಾರು ಅನ್ನುವ ಹಾಗೆ ಜೊತೆಯವರು ನೋಡಿದರು. ಕೊನೆಗೆ ದೊಡ್ಡವ್ವನೇ ಬಂದು, ಸೀರೆ ಇನ್ನೊಬ್ಬರ ಕೈಯಲ್ಲಿ ಹೋದರೂ ಮಗಳು ಉಡುತ್ತಾಳೆ, ನೀ ಬಸ್ ಹತ್ತು ಅಂದಳು. ಹತ್ತಿದರು. ಆಮೇಲೆ ಅವರ ಕಾಲು ಏನಾಯಿತೋ ತಿಳಿಯಲಿಲ್ಲ.

ಹೆಂಗಸರದ್ದು ಇನ್ನೊಂದು ಕಥೆ. ಅವರು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ರಾಯಚೂರಿನ ಬಯಲಿನಲ್ಲಿ ಮಾರ್ಚ್ ಹೊತ್ತಿಗೆ ಹತ್ತಿ ಕಿತ್ತಾಗಿರುತ್ತದೆ, ಕಣ್ಣು ಹಾಯುವ ತನಕ ಮರೆ ಅನ್ನುವುದು ಇಲ್ಲ. ಹಾಗಾಗಿ ಬೆಳಗಿನ ಜಾವ ಮೂರಕ್ಕೆ ಹೊರಟವರು ರಾತ್ರಿ ಕತ್ತಲಾಗುವ ತನಕ ತಡೆದುಕೊಳ್ಳುತ್ತಾರೆ. ಸಂಜೆ ನನ್ನ ಹತ್ತಿರ ಬಂದಾಗ ತುಟಿ ಒಡೆದಿರುತ್ತದೆ, ತಲೆ ಸುತ್ತು, ಉರಿಮೂತ್ರ. ಓಆರ್‌ಎಸ್ ಕಲಸಿ ಕೊಟ್ಟರೆ, ಮೊದಲು ಪಾಯಖಾನೆ ಎಲ್ಲಿದೆ ಅಂತ ಕೇಳುತ್ತಾರೆ, ಆಮೇಲೆ ಲೋಟ ಹಿಡಿಯುತ್ತಾರೆ. ನಮ್ಮ ಧರ್ಮಶಾಲೆಯಲ್ಲಿ 2024ರಲ್ಲಿ ಹೆಂಗಸರಿಗೆ ಒಂದೇ ಪಾಯಖಾನೆ ಇತ್ತು. ಅದು ಬರಗಾಲದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಟ್ಯಾಂಕರ್ ನೀರಿಗೆ ಹಳ್ಳಿಯವರು ತಾವೇ ಪಟ್ಟಿ ಎತ್ತಿದರು.

ಇನ್ನು ಈ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ.

2025ರಲ್ಲಿ ಒಂದು ದಿನ ಔಷಧಿ ತರಲು ಸ್ಕೂಟರಿನಲ್ಲಿ ಹೋಗಿದ್ದೆ. ಪಟ್ಟಣ ದಾಟುವ ಮೊದಲು, ಎರಡು ಕಿಲೋಮೀಟರ್ ಒಳಗೆ, ಆರು ದಾಸೋಹದ ಶಾಮಿಯಾನಗಳು. ಒಂದರಲ್ಲಿ ಸಿರಾ, ಇನ್ನೊಂದರಲ್ಲಿ ಹುಗ್ಗಿ, ಮತ್ತೊಂದರಲ್ಲಿ ಕಲ್ಲಂಗಡಿ. ಪ್ರತಿಯೊಂದಕ್ಕೂ ದೊಡ್ಡ ಬ್ಯಾನರ್, ಬ್ಯಾನರಿನಲ್ಲಿ ಮಲ್ಲಯ್ಯನಿಗಿಂತ ದೊಡ್ಡದಾಗಿ ದಾನಿಗಳ ಮುಖ. ಯಾತ್ರಿಗಳ ಕೈ ಹಿಡಿದು ಎಳೆದು ತಿನ್ನಿಸುತ್ತಿದ್ದರು. ಬೇಡ ಅಂದರೆ ಬೇಜಾರು. ಅರ್ಧ ತಿಂದ ತಟ್ಟೆಗಳು ರಸ್ತೆ ತುಂಬಾ. ಅದಾದ ಮೇಲೆ ಮುಂದಿನ ಹಳ್ಳಿಯ ತನಕ, ಸ್ಕೂಟರಿನ ಮೀಟರ್ ಪ್ರಕಾರ ಹತ್ತಿರ ಹತ್ತಿರ 20 ಕಿಲೋಮೀಟರ್, ಒಂದು ಕೊಡ ನೀರಿಲ್ಲ. ನೆರಳಿಲ್ಲ. ನನ್ನ ಹತ್ತಿರ ಬರುತ್ತಿದ್ದ ಕೆಟ್ಟ ಕಾಲುಗಳೆಲ್ಲ ಆ ದಾರಿಯವು ಅಂತ ಆವತ್ತು ತಿಳಿಯಿತು.

ದಾನಿಗಳನ್ನು ನಾನು ಬೈಯುತ್ತಿಲ್ಲ. ಅವರಿಗೆ ಜನ ಕಾಣುವ ಜಾಗದಲ್ಲಿ ಸೇವೆ ಮಾಡಬೇಕು ಅನ್ನಿಸುತ್ತದೆ, ಅಷ್ಟೇ. ನಮ್ಮಲ್ಲಿ ಕೊಡುವ ಕೈಗಳಿಗೆ ಬರ ಇಲ್ಲ. ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುವವರು ಇಲ್ಲ. ಅದನ್ನು ನೀವು ಮಾಡಿಸಬಹುದು ಅಲ್ವಾ? ಯುಗಾದಿಗೆ ಎರಡು ತಿಂಗಳು ಮುಂಚೆ ಜಿಲ್ಲೆಗೊಂದು ಸಭೆ ಕರೆಸಿ. ದಾಸೋಹ ಮಾಡುವವರೆಲ್ಲ ಹೆಸರು ಬರೆಸಲಿ. ಗೋಡೆಗೆ ದಾರಿಯ ನಕಾಶೆ ಅಂಟಿಸಿ, ಐದೈದು ಕಿಲೋಮೀಟರಿಗೆ ಒಂದು ಗುರುತು ಹಾಕಿ, ಖಾಲಿ ಇರುವ ಜಾಗ ತೋರಿಸಿ. ಊರೊಳಗಿನ ಆರನೇ ಶಾಮಿಯಾನಕ್ಕೆ ಬದಲು ಬಯಲಿನಲ್ಲಿ ಒಂದು ಅರವಟ್ಟಿಗೆ ಹಾಕಿದರೆ ಪುಣ್ಯ ಜಾಸ್ತಿ ಅಂತ ಯಾರಾದರೂ ಸ್ವಾಮಿಗಳಿಂದ ಹೇಳಿಸಿ. ನಮ್ಮ ಹಿರಿಯರು ದಾರಿಹೋಕರಿಗೆ ಅರವಟ್ಟಿಗೆ ಇಡುತ್ತಿದ್ದುದು ಊರ ಚಾವಡಿಯಲ್ಲಿ ಅಲ್ಲ, ನೀರಿಲ್ಲದ ದಾರಿಯಲ್ಲಿ.

ಕ್ಷೇತ್ರಗಳಲ್ಲಿ ಯಾತ್ರಿ ನಿವಾಸ ಕಟ್ಟುವುದನ್ನು ಬೇಡ ಅನ್ನುವುದಿಲ್ಲ. ಆದರೆ ನಡೆಯುವವರು ಶ್ರೀಶೈಲದಲ್ಲಿ ಮಲಗುವುದು ಒಂದೆರಡು ರಾತ್ರಿ. ದಾರಿಯಲ್ಲಿ ಮಲಗುವುದು ಹತ್ತು ರಾತ್ರಿ. ಕಟ್ಟಡಕ್ಕೆ ಅಡಿಗಲ್ಲು ಇರುತ್ತದೆ, ಕಲ್ಲಿನ ಮೇಲೆ ಹೆಸರು ಇರುತ್ತದೆ. ಶಾಮಿಯಾನಕ್ಕೆ ಅದೇನೂ ಇರುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಶಾಲೆಗಳನ್ನು ಬಿಟ್ಟುಕೊಡಿ ಅಂತ ಸಲೀಸಾಗಿ ಹೇಳುವವರಿದ್ದಾರೆ. ಆದರೆ ಅದೇ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುತ್ತಿರುತ್ತದೆ, ಮಕ್ಕಳನ್ನು ಎಬ್ಬಿಸುವ ಹಾಗಿಲ್ಲ. ಪ್ರತಿ ಹಳ್ಳಿಯಲ್ಲೂ ಬೀಗ ಹಾಕಿದ ಸಮುದಾಯ ಭವನ ಇದೆಯಲ್ಲ, ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಪತ್ತೆ ಮಾಡಿಸಿದರೆ ಸಾಕು.

ದುಡ್ಡಿನ ಮಾತು ಹೇಳಿದ್ದೆನಲ್ಲ. ಹೆಂಗಸರಿಗೆ ತಾತ್ಕಾಲಿಕ ಪಾಯಖಾನೆ, ನೀರಿನ ಸಮೇತ, ಖಾಲಿ ಇರುವ ದಾರಿಯಲ್ಲಿ. ಇದನ್ನು ದಾನಿಗಳು ಮಾಡುವುದಿಲ್ಲ. ಪಾಯಖಾನೆಯ ಮೇಲೆ ಯಾರೂ ಬ್ಯಾನರ್ ಕಟ್ಟುವುದಿಲ್ಲ. ಆಮೇಲೆ ಗಾಜ್ ಬಟ್ಟೆ, ಓಆರ್‌ಎಸ್, ಸಕ್ಕರೆ ನೋಡುವ ಸ್ಟ್ರಿಪ್. ಕತ್ತಲಲ್ಲಿ ನಡೆಯುವವರ ಚೀಲಕ್ಕೆ ಅಂಟಿಸುವ ಹೊಳೆಯುವ ಪಟ್ಟಿ. ಲಾರಿಯ ಲೈಟಿಗೆ ಅದು ಮಿಂಚುತ್ತದೆ, ಚಾಲಕನಿಗೆ ದೂರದಿಂದಲೇ ಕಾಣುತ್ತದೆ. ನರ್ಸ್‌ಗಳನ್ನು ಹೊಸದಾಗಿ ನೇಮಿಸಬೇಕಾಗಿಲ್ಲ. ನನ್ನ ಹಾಗೆ ನಿವೃತ್ತರಾಗಿ ರಾತ್ರಿ ಎರಡಕ್ಕೆ ಎಚ್ಚರ ಇರುವವರು ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ. ಹೆಸರು ಬರೆಸಿ ಅಂತ ಒಂದು ಪ್ರಕಟಣೆ ಕೊಡಿ. ಬಸ್ ಚಾರ್ಜ್ ಕೊಡಬೇಕಾಗಿಲ್ಲ, ಹೆಂಗಸರಿಗೆ ಹೇಗೂ 2023ರಿಂದ ಉಚಿತ. ಗಡಿ ದಾಟಿದ ಮೇಲೆ ದಾರಿ ಆಂಧ್ರ, ತೆಲಂಗಾಣದವರದ್ದು. ಅಲ್ಲಿಯ ಅಧಿಕಾರಿಗಳ ಜೊತೆ ಮೊದಲೇ ಮಾತಾಡಿದರೆ ನಕಾಶೆ ಅಲ್ಲಿಗೂ ಮುಂದುವರಿಯುತ್ತದೆ. ಯಾವ ಊರಿನಲ್ಲಿ ಆಸ್ಪತ್ರೆ ಇದೆ ಅಂತ ಕನ್ನಡದಲ್ಲಿ ಬರೆದ ಒಂದು ಬೋರ್ಡ್ ಇದ್ದರೂ ಆದೀತು.

ಮುಂದಿನ ವರ್ಷಕ್ಕೇ ಇದು ಬೇಕು ಅಂತ ಒತ್ತಾಯ ಮಾಡುವುದಕ್ಕೆ ಕಾರಣ ಇದೆ. 2026ರ ಯುಗಾದಿ ಮಾರ್ಚ್ 19ಕ್ಕೇ ಬಂತು. ಬಿಸಿಲು ಇನ್ನೂ ಬಲಿತಿರಲಿಲ್ಲ, ಕಾಲುಗಳು ಪರವಾಗಿಲ್ಲ ಅನ್ನುವ ಹಾಗಿದ್ದವು. ಇಲಾಖೆಯವರು ಇದನ್ನೇ ನೋಡಿ ಎಲ್ಲ ಸುಸೂತ್ರ ಅಂತ ನಿಮಗೆ ಬರೆದುಕೊಟ್ಟಾರು. ಆದರೆ ಈ ವರ್ಷ ಅಧಿಕ ಜ್ಯೇಷ್ಠ ಇದೆ. ಹಾಗಾಗಿ 2027ರ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು. ಆ ವರ್ಷದ ಕಾಲುಗಳನ್ನು ಮೇಲೆ ಹೇಳಿದ್ದೇನೆ. ಮೂರು ವಾರದ ವ್ಯತ್ಯಾಸ ಪಂಚಾಂಗದಲ್ಲಿ ಸಣ್ಣದು, ರಾಯಚೂರಿನ ಬಿಸಿಲಿನಲ್ಲಿ ಬಹಳ ದೊಡ್ಡದು.

ಮಾರ್ಚ್ ಕೊನೆಯ ವಾರದಿಂದ ನಾನು ಅಲ್ಲೇ ಇರುತ್ತೇನೆ. ಉದ್ಘಾಟನೆಗೆ ನಿಮ್ಮನ್ನು ಕರೆಯುತ್ತಿಲ್ಲ, ಉದ್ಘಾಟನೆ ಮಾಡುವಂಥದ್ದು ಅಲ್ಲಿ ಏನೂ ಇಲ್ಲ. ಬರುವುದಾದರೆ ಮಧ್ಯಾಹ್ನ ಎರಡಕ್ಕೆ ಬನ್ನಿ. ಹಿಂದಿನ ಪಟ್ಟಣದಲ್ಲಿ ಕಾರು ಬಿಟ್ಟು ಒಂದೆರಡು ಕಿಲೋಮೀಟರ್ ನಡೆದು ಬಂದರೆ ಇನ್ನೂ ಒಳ್ಳೆಯದು. ಊಟಕ್ಕೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಇರುತ್ತದೆ. ರೊಟ್ಟಿ ಬಡಿಯುವುದು ದೊಡ್ಡವ್ವ, ನಾನಲ್ಲ. ಧೈರ್ಯವಾಗಿ ಊಟ ಮಾಡಬಹುದು.

ಇಂತಿ,
ಒಬ್ಬ ನಿವೃತ್ತ ನರ್ಸ್
ರಾಯಚೂರು ಜಿಲ್ಲೆ