ಘಟಿಕೋತ್ಸವದ ಘಟಿಕೆ ಯಾವುದು?

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದ ಪದವಿ ಪ್ರದಾನಕ್ಕೆ ಪತ್ರಿಕೆಗಳು ತಪ್ಪದೆ ಬಳಸುವ ಪದ ‘ಘಟಿಕೋತ್ಸವ’. ಗೌನು ಹಾಕಿಕೊಂಡು ಫೋಟೊಗೆ ನಿಂತ ಹುಡುಗರನ್ನು ಇದರ ಅರ್ಥ ಕೇಳಿ ನೋಡಿ. ‘ಘಳಿಗೆ ಅಂದ್ರೆ ಟೈಮ್ ಅಲ್ವಾ ಸರ್? ಒಳ್ಳೆ ಘಳಿಗೆಯಲ್ಲಿ ಮಾಡೋ ಉತ್ಸವ’ ಅನ್ನುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. 24 ನಿಮಿಷದ ಘಳಿಗೆಗೂ ಘಟಿಕೆ ಅಂತಲೇ ಹೆಸರು. ಆದರೆ ಈ ಘಟಿಕೆ ಬೇರೆ. ಇದು ವಿದ್ಯೆ ಕಲಿಯುವ, ಪಂಡಿತರು ಕೂಡುವ ಜಾಗ. ಕದಂಬರ ಮಯೂರಶರ್ಮ ಕಂಚಿಗೆ ಓದಲು ಹೋದದ್ದು ಇಂಥ ಘಟಿಕೆಗೇ ಎಂದು ತಾಳಗುಂದದ ಶಾಸನ ಹೇಳುತ್ತದೆ.

ಕಂಚಿ ದೂರದ ಮಾತಾಯಿತು. ನಮ್ಮ ಕಲಬುರಗಿ ಜಿಲ್ಲೆಯಲ್ಲೇ, ಚಿತ್ತಾಪುರದ ಮಗ್ಗುಲಿಗೆ ನಾಗಾವಿ ಇದೆಯಲ್ಲ, ಅಲ್ಲೊಂದು ಘಟಿಕಾಸ್ಥಾನ ಇತ್ತು. ಎಲ್ಲಮ್ಮನ ಗುಡಿಗೆ ಹೋದವರು ಅಲ್ಲಿನ ಅರವತ್ತು ಕಂಬದ ಗುಡಿಯನ್ನೂ ನೋಡಿರಬಹುದು. ಕಲ್ಯಾಣದ ಚಾಲುಕ್ಯರ ದಂಡನಾಯಕ ಮಧುಸೂದನ ಕೊಟ್ಟ ದತ್ತಿಯ ಲೆಕ್ಕ 1058ರ ಶಾಸನದಲ್ಲಿ ಚೊಕ್ಕವಾಗಿದೆ. ವೇದ ಓದುವ 200 ವಿದ್ಯಾರ್ಥಿಗಳು, ಅವರಲ್ಲದೆ ಶಾಸ್ತ್ರ ಕಲಿಯುವವರು. ವೇದಕ್ಕೆ 3, ಶಾಸ್ತ್ರಕ್ಕೆ 3 ಜನ ಗುರುಗಳು. ಜೊತೆಗೆ 6 ಜನ ‘ಸರಸ್ವತೀ ಭಂಡಾರಿಗರು’, ಅಂದರೆ ಗ್ರಂಥಪಾಲಕರು. ಪಾಠ ಹೇಳುವವರು ಆರು, ಪುಸ್ತಕ ನೋಡಿಕೊಳ್ಳುವವರೂ ಆರು! ಗ್ರಂಥಾಲಯದಲ್ಲೇ ದುಡಿದು ನಿವೃತ್ತನಾದ ನನಗೆ ಈ ಲೆಕ್ಕ ಓದಿದಾಗಲೆಲ್ಲ ಹೊಟ್ಟೆಕಿಚ್ಚು. ನಮ್ಮಲ್ಲಿ ಬೀಗ ತೆಗೆಯುವವನೂ ನಾನೇ, ರಿಜಿಸ್ಟರ್ ಬರೆಯುವವನೂ ನಾನೇ, ಗೆದ್ದಲು ಕೊಡವುವವನೂ ನಾನೇ. ಮತ್ತೆ ‘ಭಂಡಾರಿಗ’ ಎಂಬ ಹೆಸರಿಗೆ ಇರುವ ತೂಕ ‘ಲೈಬ್ರರಿಯವನು’ ಎಂಬುದಕ್ಕೆ ಎಲ್ಲಿಂದ ಬರಬೇಕು?

ಬೇಸರ ಏನೆಂದರೆ, ಭಾಷಣಗಳಲ್ಲೂ ವರದಿಗಳಲ್ಲೂ ನಾಗಾವಿಯನ್ನು ಸುಮ್ನೆ ‘ಪ್ರಾಚೀನ ವಿಶ್ವವಿದ್ಯಾಲಯ’ ಎಂದುಬಿಡುತ್ತೇವೆ. ಕೇಳಲು ದೊಡ್ಡದಾಗಿದೆ, ನಿಜ. ಆದರೆ ಓದಿದವರ ತಲೆಯಲ್ಲಿ ಕುಲಪತಿ, ಸೆಮಿಸ್ಟರು, ಅಂಕಪಟ್ಟಿ ಬಂದು ಕೂರುತ್ತವೆ. ಅಲ್ಲಿದ್ದದ್ದು ಗುಡಿಯ ಜೊತೆಗೆ, ದತ್ತಿಯ ಮೇಲೆ ನಡೆದ ಶಾಲೆ. ವೇದ, ವ್ಯಾಕರಣ, ಮೀಮಾಂಸೆ ಓದಿಸುತ್ತಿದ್ದರು. ಊರಿನ ಎಲ್ಲರಿಗೂ ಅಲ್ಲಿ ಬಾಗಿಲು ತೆರೆದಿತ್ತು ಅಂತಲೂ ಅಲ್ಲ. ಇಷ್ಟನ್ನೂ ಸೇರಿಸಿ ಹೇಳಲು ಘಟಿಕಾಸ್ಥಾನ ಎಂಬ ಪದವೇ ಸರಿ. ಇನ್ನೊಂದರ ಅಂಗಿ ಅದಕ್ಕೇಕೆ ತೊಡಿಸಬೇಕು?

ನಾಗಾವಿಯ ಸುದ್ದಿ ಬರೆಯುವಾಗ ದಯವಿಟ್ಟು ಈ ಪದವನ್ನೇ ಬಳಸಿ. ಮುಂದಿನ ಸಲ ಗುಲಬರ್ಗಾ ವಿಶ್ವವಿದ್ಯಾಲಯದ ಘಟಿಕೋತ್ಸವದ ವರದಿ ಹಾಕುವಾಗ, ಚಿನ್ನದ ಪದಕದವರ ಫೋಟೊ ಪಕ್ಕದಲ್ಲಿ ನಾಲ್ಕು ಸಾಲಿನ ಬಾಕ್ಸ್ ಮಾಡಿ ಇದರ ಅರ್ಥವನ್ನೂ ಕೊಡಿ.

– ನಿವೃತ್ತ ಗ್ರಂಥಪಾಲಕ, ಕಲಬುರಗಿ