ಅವಳಿಗೆ ಬೇಕಾಗಿದ್ದು ಏನು?

ಪ್ರೀತಿಯ ತಮ್ಮ,

ನೀನು ಕಳಿಸಿದ ಕಥೆ ರಾತ್ರಿನೇ ಓದ್ದೆ. ಲೋನ್ ಆಪಲ್ಲಿ ಸಿಕ್ಕಾಕ್ಕೊಂಡ ಹುಡುಗಿ ಇವತ್ತು ಬೀದಿಗೊಬ್ಬಳು ಸಿಗ್ತಾಳೆ, ವಿಷಯ ಸರಿಯಾಗೇ ಹಿಡಿದಿದೀಯ, ಆದ್ರೆ ಎರಡನೇ ಪುಟಕ್ಕೇ ಅವಳನ್ನ ಪಕ್ಕಕ್ಕೆ ಕೂರಿಸಿ ಸಾಲ ಎಷ್ಟು ಕೆಟ್ಟದ್ದು ಅಂತ ನಮಗೆ ಪಾಠ ಮಾಡೋಕೆ ಶುರು ಮಾಡ್ತೀಯ, ಅಲ್ಲಿಂದಾಚೆಗೆ ಅವಳ ಮುಖಾನೇ ಕಾಣಲ್ಲ.

ಫ್ರೆಂಚ್ ಲೇಖಕ ಫ್ಲೋಬೇರ್‌ನ 'ಮದಾಂ ಬೋವರಿ' ಕಾದಂಬರಿ ಓದು. ಪುಸ್ತಕವಾಗಿ ಬಂದಿದ್ದು 1857ರಲ್ಲಿ. ಎಲ್ಲರೂ ಅದನ್ನ ಗಂಡನಿಗೆ ಮೋಸ ಮಾಡಿದೋಳ ಕಥೆ ಅಂತಾರೆ, ನಂಗೆ ಅದು ಸಾಲದ ಕಥೆ. ಊರಿನ ಬಟ್ಟೆ ವ್ಯಾಪಾರಿ ಮೊದಲ ಸಲ ಕಥಾನಾಯಕಿ ಎಮ್ಮಾ ಮನೆಗೆ ಬಂದು ಮೂರು ಸ್ಕಾರ್ಫ್ ಹರಡ್ತಾನೆ, ಮಾತಾಡ್ತಾ ಮಾತಾಡ್ತಾ ರೇಷ್ಮೆ ಮೇಲೆ ಧೂಳು ಕೊಡವೋ ಹಾಗೆ ಉಗುರಲ್ಲಿ ಮೆಲ್ಲಗೆ ತಟ್ತಾನೆ. ರೇಟ್ ಕೇಳಿದ್ರೆ ಅವಸರ ಏನಿಲ್ಲ, ಆದಾಗ ಕೊಡಿ ಅಂತಾನೆ. ಈಗ ಫೋನಲ್ಲಿ ಬರೋದೂ ಅದೇ ಮಾತು ತಾನೇ? ಅವತ್ತು ಅವಳು ಏನೂ ತಗೊಳ್ಳಲ್ಲ, ಎಷ್ಟು ಜಾಣೆ ನಾನು ಅಂತ ತನ್ನಷ್ಟಕ್ಕೆ ಅಂದ್ಕೋತಾಳೆ. ಆಮೇಲೆ ಅವನ ಹತ್ರಾನೇ ಸಾಲದ ಮೇಲೆ ಸಾಲ ಮಾಡ್ತಾಳೆ, ಕೊನೆಗೆ 24 ಗಂಟೆಯೊಳಗೆ 8000 ಫ್ರಾಂಕ್ ಕಟ್ಟು ಅಂತ ಕೋರ್ಟ್ ಕಾಗದ ಬರುತ್ತೆ. ಇಷ್ಟರಲ್ಲಿ ಎಲ್ಲೂ ಫ್ಲೋಬೇರ್ ಸಾಲ ಮಾಡ್ಬೇಡಿ ಅಂತ ಬುದ್ಧಿ ಹೇಳಲ್ಲ.

ನಾನು ಸಣ್ಣೋನಿದ್ದಾಗ ನಮ್ಮ ಬೀದೀಲಿ ಕಂತಿನ ಮೇಲೆ ಸೀರೆ ಕೊಡೋನು ಸೈಕಲ್ಲಲ್ಲಿ ಬರ್ತಿದ್ದ, ಅಮ್ಮ ಬೇಡಪ್ಪ ಬೇಡ ಅಂತಾನೇ ಸೀರೆ ಅಂಚನ್ನ ಹೆಬ್ಬೆರಳಲ್ಲಿ ಸವರಿ ನೋಡ್ತಿದ್ಲು. ಎಮ್ಮಾನ ಓದಿದಾಗ ನಂಗೆ ಕಂಡಿದ್ದು ಅಮ್ಮನ ಆ ಬೆರಳು.

ನಮ್ಮ ಕಾರಂತರ 'ಚೋಮನ ದುಡಿ'ಯ ಚೋಮನನ್ನೇ ತಗೋ, 1933ರ ಕಾದಂಬರಿ. ಅವನ ತಲೆ ಮೇಲೂ ಕಾಫಿ ತೋಟದ ಸಾಲ ಇತ್ತು, ಮಕ್ಕಳು ಅದನ್ನ ತೀರಿಸೋಕೆ ದುಡಿಯೋಕೆ ಹೋಗ್ಬೇಕಾಯ್ತು. ಆದ್ರೆ ಓದಿ ಎಷ್ಟು ವರ್ಷ ಆದ್ರೂ ನಂಗೆ ನೆನಪಲ್ಲಿರೋದು ಅವನ ಎತ್ತುಗಳು. ಉಳೋಕೆ ಅಂಗೈಯಗಲ ನೆಲ ಇಲ್ಲದೋನು ಎರಡು ಎತ್ತು ಸಾಕ್ಕೊಂಡಿದ್ದ ಕಣೋ! ಬೇಸಾಯ ಮಾಡ್ಬೇಕು ಅನ್ನೋ ಅವನ ಆಸೆ ಪೂರ್ತಿ ಅಲ್ಲೇ ನಿಂತು ಮೇವು ತಿಂತಿತ್ತು.

ನಿನ್ನ ಕಥೇಲಿ ಇಪ್ಪತ್ತು ಸಾವಿರ ಸಾಲ ಅಂತ ಇದೆ, ಯಾವುದಕ್ಕೆ ಅಂತ ಇಲ್ಲ. ಆಫೀಸಲ್ಲಿ ಎಲ್ಲರ ಕೈಲೂ ಇರೋ ಫೋನಿಗಾ, ತಂಗಿ ಮದುವೇಲಿ ಉಡೋ ಸೀರೆಗಾ? ಅದು ಮನೆಗೆ ಬಂದ ದಿನ ಅವಳು ಎಷ್ಟು ಸಲ ತೆಗೆದು ನೋಡಿದ್ಲು, ಎಲ್ಲಿಟ್ಲು, ಅಮ್ಮನಿಗೆ ರೇಟ್ ಎಷ್ಟು ಅಂತ ಸುಳ್ಳು ಹೇಳಿದ್ಲು? ಎರಡನೇ ಪುಟ ಕಿತ್ತಾಕಿ ಅಲ್ಲಿ ಇದನ್ನ ಬರಿ, ಬರ್ದು ಮತ್ತೆ ಕಳಿಸು, ನಾನು ಕಾಯ್ತಿರ್ತೀನಿ.

ನಿನ್ನ ಅಣ್ಣ