ರೀಲು ಬಿಡೋದು, ರೀಲ್ಸ್ ಮಾಡೋದು

ಪ್ರೀತಿಯ ತಂಗೀ,

ಕಥೆ ಓದಿದೆ. ಹಾಸ್ಟೆಲ್ ಹುಡುಗರ ಮಾತುಕತೆ ಬರುವ ಎರಡು ಪುಟಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಉಳಿದದ್ದಕ್ಕೆ ಸದ್ಯ ಕೈ ಹಚ್ಚಬೇಡ.

ನಿನ್ನ ಒಂದು ಸಾಲು: "ಮಗಾ, ಅವನು ಸಖತ್ ಡವ್ ಗುರು, ಫುಲ್ ಬಿಲ್ಡಪ್, ನಂಗೆ ಕ್ರಿಂಜ್ ಆಯ್ತು ಮಚ್ಚಾ." ಒಂದೇ ಉಸಿರಿನಲ್ಲಿ ಒಬ್ಬನೇ ಗೆಳೆಯ ಮಗನೂ ಆದ, ಗುರುವೂ ಆದ, ಮಚ್ಚಾನೂ ಆದ. ಪಕ್ಕದಲ್ಲಿ ಪದಗಳ ಪಟ್ಟಿ ಇಟ್ಟುಕೊಂಡು ಬರೆದದ್ದು ಅಂತ ಹದಿನೇಳರ ಹುಡುಗನಿಗೆ ತಕ್ಷಣ ಗೊತ್ತಾಗುತ್ತದೆ.

ಪಡ್ಡೆಗಳ ಮಾತು ಹಿಡಿಯಬೇಕಾದರೆ ಪದಕ್ಕಿಂತ ಮೊದಲು ಅದರ ಹಿಂದೆ ಬರುವ ಕ್ರಿಯಾಪದಕ್ಕೆ ಕಿವಿ ಕೊಡು. ಬಿಲ್ಡಪ್ ಕೊಡುತ್ತಾರೆ. ಸ್ಕೆಚ್ ಹಾಕುತ್ತಾರೆ. ಕಾಗೆ ಹಾರಿಸುತ್ತಾರೆ. ಎಣ್ಣೆ ಹೊಡೆಯುತ್ತಾರೆ. ಬಕ್ರಾ ಮಾಡುತ್ತಾರೆ, ಸಿಕ್ಕಿಬಿದ್ದವನು ಬಕ್ರಾ ಆಗುತ್ತಾನೆ. "ಬಿಲ್ಡಪ್ ಮಾಡ್ದ" ಅಂತ ಬರೆದರೆ ಹೊರಗಿನವರ ಕನ್ನಡ ಆಯಿತು.

ರೀಲನ್ನೇ ತಗೋ. ಸಿನಿಮಾ ಸುರುಳಿಯ ಕಾಲದ ಮಂದಿಗೆ "ರೀಲು ಬಿಡ್ತಾನೆ" ಅಂದರೆ ಸುಳ್ಳು ಪೋಣಿಸುತ್ತಾನೆ ಅಂತ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂನ ರೀಲ್ಸ್ ಭಾರತಕ್ಕೆ ಬಂತು. ಅಲ್ಲಿಂದಾಚೆ ರೀಲ್ಸ್ "ಮಾಡ್ತಾರೆ", "ಹಾಕ್ತಾರೆ", ರಾತ್ರಿಯೆಲ್ಲ "ನೋಡ್ತಾರೆ". ಬಿಡೋದೂ ಉಳಿದಿದೆ, ಆದರೆ ಅರ್ಥ ಹಳೆಯದೇ. ಹಾಗಾಗಿ 2015ರಲ್ಲಿ ನಡೆಯುವ ಕಥೆಯಲ್ಲಿ "ರೀಲ್ಸ್ ಮಾಡೋಣ್ವಾ" ಅಂದರೆ ಕಾಲ ತಪ್ಪಿತು. ಫ್ಲೆಕ್ಸ್ ಇನ್ನೂ ಮಜವಾಗಿದೆ. "ಫ್ಲೆಕ್ಸ್ ಮಾಡ್ತಾನೆ" ಅಂದರೆ ಹೊಸ ಶೂ ತೋರಿಸಿಕೊಂಡು ಮೆರೆಯುತ್ತಾನೆ. "ಫ್ಲೆಕ್ಸ್ ಹಾಕಿಸ್ತಾನೆ" ಅಂದರೆ ಹುಟ್ಟಿದಹಬ್ಬಕ್ಕೆ ಸರ್ಕಲ್‌ನಲ್ಲಿ ತನ್ನದೇ ಫೋಟೊದ ಬ್ಯಾನರ್ ಕಟ್ಟಿಸುತ್ತಾನೆ. ಎರಡೂ ಮೆರೆಯೋದೇ, ಆದರೆ ಮೆರೆಯುವ ಹುಡುಗರು ಬೇರೆ, ಬೀದಿ ಬೇರೆ.

ಹೊಸ ಪದಕ್ಕೆ ಹಳೆಯ ಸಮಾನಪದ ಹುಡುಕುವ ಆತುರ ಬೇಡ. ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದ ಅಂತ ಆರಿಸಿದ "ರಿಜ್" ಅನ್ನು ನೀನು "ಕಾಳು ಹಾಕೋದು" ಅಂತ ಬಿಡಿಸಿಕೊಂಡಿದ್ದೀಯ. ಕಾಳು ಹಾಕೋದು ಒಂದು ಕೆಲಸ, ಯಾರೋ ಒಬ್ಬಳ ಕಡೆಗೆ ಗುರಿ ಇಟ್ಟದ್ದು. ರಿಜ್ ಅಂದರೆ ಎದುರಿನವರನ್ನು ಸೆಳೆಯುವ, ತಾನಾಗಿ ಇರುವ ಗುಣ. "ಅವನಿಗೆ ರಿಜ್ ಇದೆ" ಅಂತಾರೆ, "ಅವನಿಗೆ ತಾಕತ್ತಿದೆ" ಅಂದ ಹಾಗೆ. ಕಷ್ಟಪಟ್ಟು ಕಾಳು ಹಾಕುವವನಿಗೆ ರಿಜ್ ಇಲ್ಲ ಅಂತಲೇ ಹುಡುಗಿಯರು ನಗೋದು. ಇನ್ನು ಕೆಲವಕ್ಕೆ ಅರ್ಥವೇ ಇರುವುದಿಲ್ಲ. ಡಿಕ್ಷನರಿ ಡಾಟ್ ಕಾಮ್‌ನವರು 2025ಕ್ಕೆ ಆರಿಸಿದ "67" ಅಂಥದ್ದು. ಅರವತ್ತೇಳು ಅಂತ ಓದಬಾರದು, ಸಿಕ್ಸ್ ಸೆವೆನ್ ಅಂತ ಬಿಡಿಬಿಡಿಯಾಗಿ ಕೂಗಬೇಕು. ಅರ್ಥ ಕೇಳಿದವರು ಹೊರಗಿನವರು ಅಂತ ಗೊತ್ತಾಗುತ್ತದಲ್ಲ, ಅದಕ್ಕಿರುವ ಕೆಲಸ ಅಷ್ಟೇ.

ಕರೆಯುವ ಪದಗಳಲ್ಲಿ ನೀನು ಹೆಚ್ಚು ಎಡವಿದ್ದೀಯ. "ಮಗಾ" ಏಕವಚನದ ಪದ, "ಬಾ ಮಗಾ" ಸರಿ, "ಬನ್ನಿ ಮಗಾ" ಆಗದು. "ಗುರು" ಕೂಡ ಹಾಗೇ. "ಗುರುಗಳೇ ಬನ್ನಿ" ಅಂದ ಕೂಡಲೇ ಮೇಷ್ಟ್ರು ಬಂದುಬಿಡುತ್ತಾರೆ, ಇಲ್ಲವೇ ಅದು ಕಾಲೆಳೆಯುವ ಮಾತಾಗುತ್ತದೆ. "ಬಾಸ್" ಮಾತ್ರ ಎರಡೂ ಕಡೆ ನಡೆಯುತ್ತದೆ, "ಬಾ ಬಾಸ್", "ಬನ್ನಿ ಬಾಸ್". ಅದಕ್ಕೇ ಗುರುತಿಲ್ಲದವರ ನಡುವೆ ಅದಕ್ಕೆ ಬೆಲೆ. ತಮಿಳಿನಲ್ಲಿ ಭಾವ-ಮೈದುನರನ್ನು ಕರೆಯುವ ಮಾತಿನಿಂದ ಬಂದ "ಮಚ್ಚಾ" ಬೆಂಗಳೂರಿನ ಕಾಲೇಜುಗಳಲ್ಲಿ ಸಲೀಸು. ಅದೇ ಹುಬ್ಬಳ್ಳಿಯ ಹುಡುಗನ ಬಾಯಲ್ಲಿ "ಲೇ ದೋಸ್ತ" ಬರಬೇಕು, ಮಂಗಳೂರಿನವನಿಗೆ "ಮಾರಾಯ" ಇಲ್ಲದೆ ವಾಕ್ಯವೇ ಮುಗಿಯದು. ಹುಡುಗಿಯರೂ ತಮ್ಮತಮ್ಮಲ್ಲಿ "ಮಗಾ" ಅಂತಾರೆ. ನಿನ್ನ ಕಥೆಯಲ್ಲಿ ಹುಡುಗಿಯರು ಮಾತ್ರ ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದಾರೆ, ಯಾಕೆ? "ಮಗಾ, ಏನ್ ಮಾಡಾಕತ್ತಿ?" ಅಂತ ಒಬ್ಬನ ಬಾಯಲ್ಲಿ ಹಾಕಿದ್ದೀಯ. "ಮಗಾ" ಬೆಂಗಳೂರಿನ ಕಡೆಯದು, "ಮಾಡಾಕತ್ತಿ" ಉತ್ತರ ಕರ್ನಾಟಕದ್ದು. ಕೈತಪ್ಪಿ ಬಂದಿದ್ದರೆ ತೆಗೆ. ಅವನು ಗದಗದಿಂದ ಬಂದು ಬೆಂಗಳೂರಿನ ಪಿಜಿಯಲ್ಲಿ ಎರಡು ವರ್ಷ ಕಳೆದವನಾದರೆ ಇಟ್ಟುಕೋ, ಆ ಒಂದು ಸಾಲೇ ಅವನ ಪರಿಚಯ ಮಾಡಿಕೊಡುತ್ತದೆ.

ಪದ ಎಲ್ಲಿಂದ ನಡೆದು ಬಂತು ಅನ್ನುವುದೂ ಗೊತ್ತಿರಲಿ. "ಸ್ಕೆಚ್ ಹಾಕೋದು" ರೌಡಿಗಳ ಬಾಯಲ್ಲಿ ಕೊಲೆಯ ಸಂಚು. ಕಾಲೇಜಿನಲ್ಲಿ ನಂದಿ ಬೆಟ್ಟಕ್ಕೆ ಹೋಗುವ ಪ್ಲಾನಿಗೂ ಅದೇ ಮಾತು. "ಹೌದು ಹುಲಿಯಾ" 2019ರ ಉಪಚುನಾವಣೆಯಲ್ಲಿ ಕಾಗವಾಡದ ಪ್ರಚಾರ ಸಭೆಯೊಂದರಲ್ಲಿ ಕೇಳಿಬಂದ ಕೂಗು. ಅದು ಹೊಗಳಿಕೆಯಾಗಿ ಹುಟ್ಟಿತು, ಮೊಬೈಲಿನಿಂದ ಮೊಬೈಲಿಗೆ ಹಾರುತ್ತಾ ಗೇಲಿಯಾಯಿತು. ಈಗ ಅದನ್ನು ಆಡುವವನು ಯಾವ ಧಾಟಿಯಲ್ಲಿ ಆಡಿದ ಅಂತ ನೀನೇ ತೋರಿಸಬೇಕು.

ಮೊಬೈಲ್ ಸಂದೇಶಗಳನ್ನು ಕಥೆಗೆ ತರುವಾಗ ಇನ್ನೊಂದು ತೊಡಕು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವಾಗ ದೀರ್ಘ ಬಿಟ್ಟುಹೋಗುತ್ತದೆ, ಲಕಾರ ಳಕಾರ ಒಂದೇ ಆಗುತ್ತವೆ. ಕಾಲು, ಕಾಳು ಒಂದೇ ಥರ ಕಾಣಬಹುದು. "ಕಾಳು ಹಾಕ್ದ" ಅನ್ನುವುದನ್ನು ಅಮ್ಮ "ಕಾಲು ಹಾಕ್ದ" ಅಂತ ಓದಿಕೊಂಡರೆ ಅಲ್ಲೇ ಒಂದು ದೃಶ್ಯ ಸಿಗುತ್ತದೆ. ಕೊನೆಯಲ್ಲಿ ಪೂರ್ಣವಿರಾಮ ಇಟ್ಟ "ಸರಿ." ಈ ವಯಸ್ಸಿನವರಿಗೆ ಕೋಪದ ಗುರುತು. ತಲೆಬುರುಡೆಯ ಚಿತ್ರ ಸಾವಿನದಲ್ಲ, "ನಕ್ಕು ನಕ್ಕು ಸತ್ತೆ" ಅಂತ.

ನೋಟ್‌ಬುಕ್ ಇಡುವ ಕ್ರಮ ಹೀಗೆ. ಬಿಡಿಪದ ಬರೆಯಬೇಡ, ಇಡೀ ವಾಕ್ಯ ಬರೆ. ಪಕ್ಕದಲ್ಲಿ ಯಾರು ಯಾರಿಗೆ ಅಂದದ್ದು, ಊರು, ತಿಂಗಳು, ಎದುರಿಗಿದ್ದವನು ಕೊಟ್ಟ ಉತ್ತರ. ಈ ಉತ್ತರವನ್ನು ಯಾರೂ ಬರೆದುಕೊಳ್ಳುವುದಿಲ್ಲ, ಅರ್ಥ ಇರೋದು ಅದರಲ್ಲೇ. ಮೂರು ಬೇರೆ ಬೇರೆ ಬಾಯಲ್ಲಿ ಕೇಳುವವರೆಗೆ ಪದವನ್ನು ಕಥೆಗೆ ತರಬೇಡ; ಒಬ್ಬನದೇ ಆದರೆ ಅದು ಅವನ ಮನೆಮಾತಿರಬಹುದು. ಹುಡುಗರನ್ನು "ಅರ್ಥ ಏನು?" ಅಂತ ಕೇಳಿದರೆ ನಾಚಿಕೊಂಡು ಏನೋ ಒಂದು ಹೇಳಿಬಿಡುತ್ತಾರೆ. "ಇದನ್ನ ಯಾರ ಮುಂದೆ ಅನ್ನಲ್ಲ?" ಅಂತ ಕೇಳು. "ಅಪ್ಪನ ಮುಂದೆ" ಅಂದರೆ ಒಂದು ಬಗೆ, "ಹುಡುಗೀರ ಮುಂದೆ" ಅಂದರೆ ಇನ್ನೊಂದು. ಕೆಲವು ಬೈಗುಳದ ಬೆನ್ನಿಗೆ ಯಾರದೋ ಜಾತಿ, ಯಾರದೋ ಅಂಗವೈಕಲ್ಯ ಅಂಟಿಕೊಂಡಿರುತ್ತದೆ. ಪಾತ್ರ ಅದನ್ನು ಆಡಬಹುದು, ನಿರೂಪಣೆಗೆ ದಾಟಿಸಬೇಡ.

ಪ್ರಮಾಣ ಎಷ್ಟು ಅಂತ ಕೇಳಿದ್ದೀಯ. ಒಂದು ಪುಟದ ಸಂಭಾಷಣೆಗೆ ಎರಡೋ ಮೂರೋ ಸಾಕು. ವಯಸ್ಸು ಗೊತ್ತಾಗುವುದು ಮಾತಿನ ತುಂಡುತನದಿಂದ, "ಹೂಂ", "ಬಿಡು", "ಬರ್ತ್ಯಾ" ಇಂಥವುಗಳಿಂದ. ನಿನ್ನ ಸಾಲನ್ನು ಹೀಗೆ ಬಿಚ್ಚಬಹುದು:

"ಬೈಕ್ ಅವ್ನದೇ ಅಂದ್ನಾ?"
"ಹೂಂ. ಅವ್ರ ಮಾಮಂದಂತೆ."
"ಮತ್ತೆ ನನ್ ಹತ್ರ ಅಷ್ಟು ಬಿಲ್ಡಪ್ ಕೊಟ್ಟ?"
"ಬಿಡು ಮಗಾ."

ಬಿಲ್ಡಪ್ ಅಂದರೇನು ಅಂತ ಗೊತ್ತಿಲ್ಲದ ಓದುಗನಿಗೂ ಇಲ್ಲಿ ಗೊತ್ತಾಗುತ್ತದೆ. ಆವರಣದಲ್ಲಿ ಅರ್ಥ ಕೊಡಬೇಡ, ಪದಕ್ಕೆ ಉದ್ಧರಣ ಚಿಹ್ನೆಯ ಬೇಲಿಯನ್ನೂ ಹಾಕಬೇಡ. ಮುಗಿದ ಮೇಲೆ ಆ ವಯಸ್ಸಿನ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸು. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಗುರುತು ಹಾಕು.

ಎಲ್ಲಾ ತೆಗೆಯುವ ಭರದಲ್ಲಿ ನಾಲ್ಕನೇ ಪುಟದ ಅಜ್ಜಿಯನ್ನು ಮುಟ್ಟೀಯ! "ಈ ಮನೇಲಿ ವೈಬೇ ಬರಲ್ಲ, ಕಿಟಕಿ ತೆಗಿ" ಅಂತಾಳಲ್ಲ, ಅವಳು ಮೊಮ್ಮಗಳ ಬಾಯಿಂದ ಪದ ಎತ್ತಿಕೊಂಡು ಗಾಳಿ ಅಂತ ತಿಳಿದಿದ್ದಾಳೆ. ಆ ತಪ್ಪು ನಿನ್ನದಲ್ಲ, ಅವಳದು. ಹಾಗೇ ಇರಲಿ.

ಇತಿ,
ನಿನ್ನ ಅಕ್ಕ